ಖಾಲಿ ಇದ್ದ ಹನ್ನೊಂದನೇ ಕಾಲಂ

ಈಚೆಗೆ ನನ್ನ ಶೂ ಒಳಗೆ ಮರಳು ಸೇರುವುದಿಲ್ಲ. ಇದೂ ಒಂದು ಹೇಳಿಕೊಳ್ಳುವ ಸಂಗತಿಯಾ ಎಂದು ನೀವು ಕೇಳಬಹುದು. ಏಳು ವರ್ಷ ಪ್ರತಿ ಸಂಜೆ ಫ್ಲಾಟಿನ ಬಾಗಿಲ ಹೊರಗೆ ಕೊಕ್ಕರೆಯ ಹಾಗೆ ಒಂಟಿ ಕಾಲಲ್ಲಿ ನಿಂತು, ಶೂ ಕವುಚಿ ಹಿಡಿದು ಮರಳು ಉದುರಿಸಿದವಳಿಗೆ ಅದು ಸಂಗತಿಯೇ. ಎದುರು ಫ್ಲಾಟಿನ ಈಜಿಪ್ಟಿನ ಹೆಂಗಸು ನಾನು ಏನೋ ವ್ರತ ಹಿಡಿದಿದ್ದೇನೆಂದು ಬಹಳ ದಿನ ನಂಬಿದ್ದಳು.

ದುಬೈನ ಅಲ್ ಬರ್ಷಾದಲ್ಲಿ ಮೆಟ್ರೋ ಇಳಿದು ನಮ್ಮ ಬಿಲ್ಡಿಂಗಿಗೆ ರಸ್ತೆ ಹಿಡಿದು ಬಂದರೆ ಹನ್ನೆರಡು ನಿಮಿಷ. ನಡುವೆ ಇದ್ದ ಖಾಲಿ ಜಾಗವನ್ನು ಅಡ್ಡ ಹಾಯ್ದರೆ ಐದೇ ನಿಮಿಷ. ಜೂನ್ ತಿಂಗಳ ಬಿಸಿಲಿನಲ್ಲಿ ಆ ಏಳು ನಿಮಿಷದ ವ್ಯತ್ಯಾಸ ಏನೆಂದು ಇಲ್ಲಿ ಇದ್ದವರಿಗೇ ಗೊತ್ತು. ನಾನೊಬ್ಬಳೇ ಅಲ್ಲ, ಫಿಲಿಪೀನ್ಸಿನ ಸೇಲ್ಸ್ ಹುಡುಗಿಯರು, ಕೇರಳದ ಅಕೌಂಟೆಂಟುಗಳು, ಸ್ಕೂಟರು ತಳ್ಳಿಕೊಂಡು ಬರುವ ಡೆಲಿವರಿಯವರು, ಎಲ್ಲರೂ ಅಲ್ಲೇ ನಡೆದು ನಡೆದು ಮರಳಿನ ನಡುವೆ ಒಂದು ಗಟ್ಟಿ ದಾರಿ ಬಿದ್ದಿತ್ತು. ಯಾರೂ ಹಾಕಿದ ದಾರಿಯಲ್ಲ, ಆದರೆ ಎಲ್ಲರ ದಾರಿ.

ಕಳೆದ ಮಾರ್ಚಿನ ಒಂದು ಸಂಜೆ ನೋಡುತ್ತೇನೆ, ಜಾಗದ ಸುತ್ತ ತಗಡಿನ ಬೇಲಿ. ಬೇಲಿಯ ಮುಂದೆ ಕುರ್ಚಿ ಹಾಕಿಕೊಂಡು ಒಬ್ಬ ವಾಚ್‌ಮನ್.

"ಮೇಡಂ, ರಾಸ್ತಾ ಖಲಾಸ್. ಉಧರ್ ಸೇ ಜಾವೋ," ಅಂದ.

"ಅರೇ ಭಯ್ಯಾ, ಹಮ್ ಸಾತ್ ಸಾಲ್ ಸೇ ಇಧರ್ ಸೇ ಆತಾ ಹೈ," ಅಂದೆ, ನನ್ನ ಮಂಗಳೂರು ಹಿಂದಿಯಲ್ಲಿ.

"ಜಗಾ ಆಪ್ಕಾ ಹೈ ಕ್ಯಾ?"

ಜಾಗ ನಿಮ್ಮದಾ ಎಂದು ಕೇಳಿದರೆ ಏನು ಹೇಳುವುದು? ಅವನು ಒರಟಾಗಿ ಕೇಳಲಿಲ್ಲ, ಪಾಪ, ನಿಜವಾಗಿ ತಿಳಿದುಕೊಳ್ಳಲಿಕ್ಕೆ ಕೇಳಿದ. ನಾನು ರಸ್ತೆಯ ದಾರಿ ಹಿಡಿದೆ. ಸಿಟ್ಟು ಮಾತ್ರ ನೆತ್ತಿಗೇರಿತ್ತು. ಒಂದು ಚಮಚ ಮರಳು ಕೂಡ ನನ್ನದಲ್ಲದ ಊರಿನಲ್ಲಿ, ಯಾರದೋ ಜಾಗದ ಬಗ್ಗೆ, ನನ್ನ ದಾರಿ ಕಿತ್ತುಕೊಂಡರು ಎಂದು ಹಲ್ಲು ಕಡಿಯುತ್ತಾ ಮನೆಗೆ ಬಂದೆ.

ಮನೆಯಲ್ಲಿ ನನ್ನ ಗಂಡ ಗ್ರೆಗರಿ ಸೋಫಾದಲ್ಲಿ ಕೂತು ಮೊಬೈಲಿನಲ್ಲಿ ಗೇಟುಗಳನ್ನು ನೋಡುತ್ತಿದ್ದರು. ಗ್ರೆಗರಿ ಒಂದು ಹೋಟೆಲಿನಲ್ಲಿ ಸ್ಟೋರ್‌ಕೀಪರ್. ಅಕ್ಕಿ ಮೂಟೆ, ಎಣ್ಣೆ ಡಬ್ಬಿಗಳನ್ನು ಬೀಗದೊಳಗೆ ಇಡುವ ಕೆಲಸ, ಹಾಗಾಗಿ ಗೇಟು, ಬೀಗ, ಚಿಲಕ ಅಂದರೆ ಅವರಿಗೆ ಪ್ರಾಣ. "ಸೆವ್ರಿನ್, ಇದು ನೋಡು ಮಾರಾಯ್ತಿ. ಎರಡು ಕಡೆ ಎರಡು ಸಿಂಹ. ಸಿಮೆಂಟಿದ್ದು, ಮೇಲೆ ಗೋಲ್ಡ್ ಪೇಂಟ್. ಎಂಥಾ ಗತ್ತು ಉಂಟಲ್ವಾ?" (ಮನೆಯಲ್ಲಿ ನಮ್ಮದು ಕೊಂಕಣಿ. ಮಗಳು ಶೆರಿಲ್ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಬರೆಯಲು ಕೂತರೆ ಮಾತ್ರ ನನಗೆ ಕನ್ನಡವೇ ಬರುವುದು, ಶಾಲೆಯ ಟೀಚರಮ್ಮನ ಬೆತ್ತದ ಕೃಪೆ.)

ಗೇಟು ಯಾಕೆಂದರೆ, ಊರಿನಲ್ಲಿ ನಾವೊಂದು ಜಾಗ ತೆಗೆದುಕೊಳ್ಳುವವರಿದ್ದೆವು.

ಅದಕ್ಕೂ ಮೊದಲು ಇಲ್ಲೇ ಒಂದು ಫ್ಲಾಟು ತೆಗೆದುಕೊಳ್ಳುವ ಹುಚ್ಚು ಹಿಡಿದಿತ್ತು, ಅದನ್ನೂ ಹೇಳಿಬಿಡುತ್ತೇನೆ. ಮಿರ್ದಿಫ್ ಕಡೆ ಒಂದು ಫ್ಲಾಟು ತೋರಿಸಲು ಏಜೆಂಟ್ ಕರೆದುಕೊಂಡು ಹೋದ. ದಾರಿಯುದ್ದಕ್ಕೂ "ಆಲ್ ಕ್ಲಿಯರ್ ಮೇಡಂ, ಆಲ್ ಕ್ಲಿಯರ್" ಎಂದು ಜಪ ಮಾಡುತ್ತಿದ್ದ. ಬೆಲ್ ಒತ್ತಿದರೆ ಬಾಗಿಲು ತೆರೆದದ್ದು ಕೈಯಲ್ಲಿ ಸೌಟು ಹಿಡಿದ ಒಬ್ಬ ಫಿಲಿಪೀನ್ಸಿನ ಹೆಂಗಸು. ಒಳಗೆ ಹುಳಿಯ ಸಾರು ಕುದಿಯುವ ವಾಸನೆ. ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ನಗುತ್ತಲೇ, ನೀವು ಕೊಂಡುಕೊಂಡರೂ ನಾನು ಕೂಡಲೇ ಹೊರಡಬೇಕಾಗಿಲ್ಲ, ನೋಟಿಸು ಕೊಟ್ಟು ಹನ್ನೆರಡು ತಿಂಗಳು ಕಾಯಬೇಕು, ಗೊತ್ತುಂಟಲ್ಲ ಅಂದಳು. ಏಜೆಂಟ್ ಕೆಮ್ಮಿದ. ಅಂದರೆ ಗೋಡೆ, ಕಿಟಕಿ, ಕಿಚನ್ ಕ್ಯಾಬಿನೆಟ್ಟಿನ ಜೊತೆಗೆ ಆಕೆಯೂ ಬರುತ್ತಾಳೆ. ಬರುವಾಗ ಆಕೆ ಒಂದು ಬಟ್ಟಲು ಸಾರು ಕುಡಿಸಿದಳು, ಅದು ಬೇರೆ ಮಾತು. ಆ ಫ್ಲಾಟು ನಮ್ಮ ಕೈಗೂ ಎಟುಕಲಿಲ್ಲ, ಬಿಟ್ಟೆವು. ಕೊಳ್ಳುವ ಆಸ್ತಿಯ ಜೊತೆ ಬೇರೆಯವರ ಹಕ್ಕೂ ಗಂಟು ಬೀಳುತ್ತದೆ ಎಂಬ ಪಾಠ ಮಾತ್ರ ಅವತ್ತು ಸಾರಿನ ಜೊತೆ ಹೊಟ್ಟೆಗೆ ಹೋಗಿತ್ತು. ನಾನದನ್ನು ಜೀರ್ಣ ಮಾಡಿಕೊಳ್ಳಲಿಲ್ಲ ಅಷ್ಟೇ.

ಯಾಕೆ ಹೀಗೆ ಹೇಳುತ್ತೇನೆಂದರೆ, ನನ್ನ ಉದ್ಯೋಗವೇ ಅದು. ಒಂದು ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಲ್ಲಿ ಕೂತು, ಬಂದವರಿಗೆಲ್ಲ ಒಂದೇ ಪ್ರಶ್ನೆ ಕೇಳುವುದು: "ಈ ಕಾಯಿಲೆ ನಿಮಗೆ ಮೊದಲೇ ಇತ್ತಾ?" ಎಲ್ಲರೂ ಇಲ್ಲ ಎನ್ನುತ್ತಾರೆ. ಮಂಡಿ ಸವೆದು ನಡೆಯಲಾಗದವರೂ "ನಿನ್ನೆಯಿಂದ ಮೇಡಂ" ಎನ್ನುತ್ತಾರೆ. ಅಂಥವರ ಬಾಯಿಂದ ಸತ್ಯ ಹೊರಡಿಸುವುದರಲ್ಲಿ ನಾನು ಪಳಗಿದವಳು ಎಂಬ ಜಂಬ ನನಗೆ. ಅಂಥ ನಾನು, ಊರಿನಲ್ಲಿ ಇಪ್ಪತ್ತೆರಡು ಸೆಂಟ್ಸ್ ಜಾಗ ನೋಡಿ, ಆ ಪ್ರಶ್ನೆಯನ್ನು ಜಾಗಕ್ಕೆ ಕೇಳಲೇ ಇಲ್ಲ.

ಜಾಗ ಕಿನ್ನಿಗೋಳಿಯಿಂದ ಸ್ವಲ್ಪ ಒಳಗೆ. ಮಾರುವವರು ಎಷ್ಟೋ ವರ್ಷದಿಂದ ಮುಂಬೈಯಲ್ಲಿದ್ದಾರೆ. ಹಳೆಯ ಮನೆ ಬಿದ್ದು ಪಂಚಾಂಗ, ಅಂದರೆ ಅಡಿಪಾಯದ ಕಟ್ಟೆ, ಮಾತ್ರ ಉಳಿದಿತ್ತು, ಪಕ್ಕದಲ್ಲೊಂದು ಬಾವಿ. ನಾವು ನೋಡಿದ್ದು ಹಿಂದಿನ ಆಗಸ್ಟಿನಲ್ಲಿ, ಶೆರಿಲ್‌ನ ಶಾಲೆಯ ರಜೆಯಲ್ಲಿ. ಬ್ರೋಕರ್ ದಿನೇಶಣ್ಣ ಕೊಡೆ ಹಿಡಿದು ಜಾಗದ ಸುತ್ತ ಕರೆದುಕೊಂಡು ಹೋದರು. ಎಲ್ಲಿ ನೋಡಿದರೂ ಮೊಣಕಾಲುದ್ದ ಹಸಿರು ಹುಲ್ಲು. ಬಾವಿಯ ನೀರು ಕೈಗೆ ಸಿಗುವಷ್ಟು ಮೇಲೆ. "ನೋಡಿ ಮೇಡಂ, ನೀರು ಹೇಗೆ ಕನ್ನಡಿಯ ಹಾಗೆ ಉಂಟು. ಒಂದು ಕಸ ಇಲ್ಲ," ಎಂದರು ದಿನೇಶಣ್ಣ. ನಾನು ಬಗ್ಗಿ ನೋಡಿದೆ. ನನ್ನ ಮುಖವೇ ಕಂಡಿತು, ಖುಷಿಯಾಯಿತು. ಮನುಷ್ಯರಿಗೆ ತಮ್ಮ ಮುಖ ಕಂಡರೆ ಬೇರೇನೂ ಕಾಣುವುದಿಲ್ಲ.

ಕಾಗದಗಳೆಲ್ಲ ಕೈಗೆ ಬರುವಾಗ ಮಾರ್ಚ್ ಆಗಿತ್ತು. ಅವನ್ನು ಎತ್ತಿಕೊಂಡು ಮಿರ್ದಿಫ್‌ನಲ್ಲಿದ್ದ ನಂಜುಂಡಯ್ಯನವರ ಬಳಿ ಹೋದೆವು. ಅವರು ಮೈಸೂರು ಕಡೆಯವರು, ತಾಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಮಗಳ ಮನೆಗೆಂದು ವಿಸಿಟ್ ವೀಸಾದಲ್ಲಿ ಬಂದು, ಎರಡೇ ವಾರದಲ್ಲಿ ಬೇಸರ ಹತ್ತಿ, ಯಾರದೋ ಒಂದು ಕ್ರಯಪತ್ರ ಓದಿಕೊಟ್ಟಿದ್ದರಂತೆ. ಅಲ್ಲಿಂದ ಪ್ರತಿ ಶನಿವಾರ ಅವರ ಮಗಳ ಮನೆಯ ಹಾಲಿನಲ್ಲಿ ಕನ್ನಡದವರ ಫೈಲುಗಳ ಸಾಲು. ಫೀಸಿಲ್ಲ, ಒಳ್ಳೆಯ ಕಾಫಿಪುಡಿ ಕೊಟ್ಟರೆ ಬೇಡವೆನ್ನುವುದಿಲ್ಲ. ಎಸಿಯ ಚಳಿಗೆ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಭೂತಗನ್ನಡಿ ಹಿಡಿದು ಓದುತ್ತಿದ್ದರು.

"ಬನ್ನಿ ತಾಯಿ, ಕೂತ್ಕೊಳಿ. ಇಸಿ ಎಷ್ಟು ವರ್ಷದ್ದು ತೆಗೆಸಿದೀರ?"

ಇಸಿ ಎಂದರೆ ಜಾಗದ ಮೇಲೆ ಸಾಲ, ಅಡಮಾನ, ಮಾರಾಟ ಏನೇನು ನೋಂದಣಿಯಾಗಿದೆ ಎಂದು ಹೇಳುವ ಋಣಭಾರ ಪತ್ರ. "ಮೂವತ್ತು ವರ್ಷದ್ದು ಸರ್. ಎಂಥದ್ದೂ ಇಲ್ಲ," ಎಂದರು ಗ್ರೆಗರಿ, ಪರೀಕ್ಷೆಯಲ್ಲಿ ಪಾಸಾದವರ ಹಾಗೆ.

"ಭೇಷ್. ಪಹಣಿ ಕೊಡಿ." ಪಹಣಿಯ ಮೇಲೆ ಭೂತಗನ್ನಡಿ ಮೆಲ್ಲಗೆ ಹರಿದು ಒಂದು ಕಡೆ ನಿಂತಿತು. "ಹನ್ನೊಂದನೇ ಕಾಲಂ. ಇತರೆ ಹಕ್ಕುಗಳು ಮತ್ತು ಋಣಗಳು. ಖಾಲಿ."

"ಖಾಲಿ ಇದ್ದರೆ ಒಳ್ಳೆಯದಲ್ವಾ ಸರ್?" ನಾನು ಕೇಳಿದೆ.

"ಖಾಲಿ ಅಂದ್ರೆ ಋಣ ಇಲ್ಲ ಅಂತ ಅಲ್ಲ ತಾಯಿ. ಬರೆಸಿದೋರು ಇಲ್ಲ ಅಂತ." ಅವರು ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದರು. "ಸಾಲ ಆದ್ರೆ ಬ್ಯಾಂಕಿನೋರು ಓಡಿ ಬಂದು ಬರೆಸ್ತಾರೆ. ನಡೆಯೋ ದಾರಿ, ಸೇದೋ ನೀರು, ಇವನ್ನ ಬರೆಸೋಕೆ ಯಾರು ಬರ್ತಾರೆ ಹೇಳಿ? ಜಾಗ ನೋಡಿದ್ದು ಯಾವ ತಿಂಗಳು?"

"ಆಗಸ್ಟ್."

"ಅಯ್ಯೋ ಶಿವನೇ. ಈ ದುಬೈನೋರೆಲ್ಲ ಆಗಸ್ಟಲ್ಲೇ ಜಾಗ ನೋಡ್ತೀರಲ್ರೀ! ಆಗ ಹುಲ್ಲು ಬೆಳೆದು ದಾರಿ ಮುಚ್ಚಿರುತ್ತೆ, ಎಲ್ಲರ ಬಾವೀಲೂ ನೀರಿರುತ್ತೆ, ಯಾರೂ ಯಾರ ಮನೆ ಬಾಗಿಲಿಗೂ ಬರಲ್ಲ. ಹೆಣ್ಣು ನೋಡೋಕೆ ಹೋದಾಗ ಉಪ್ಪಿಟ್ಟು ಚೆನ್ನಾಗೇ ಇರುತ್ತೆ. ಜಾಗ ನೋಡಬೇಕಾದ್ದು ಏಪ್ರಿಲಲ್ಲಿ."

ಆಮೇಲೆ ಗ್ರೆಗರಿಯ ಮೊಬೈಲಿನಲ್ಲಿದ್ದ ಫೋಟೋಗಳನ್ನು ಒಂದೊಂದಾಗಿ ಸರಿಸಿ, ಬಾವಿಯ ಫೋಟೋ ಬಂದಾಗ ಭೂತಗನ್ನಡಿ ಇಟ್ಟರು. "ಈ ಬಾವಿಗೆ ಎರಡು ರಾಟೆ ಯಾಕೆ?"

"ಒಂದು ಸ್ಪೇರ್ ಇರಬೇಕು ಸರ್," ಎಂದರು ನನ್ನ ಸ್ಟೋರ್‌ಕೀಪರ್.

ನಂಜುಂಡಯ್ಯನವರು ನಗಲಿಲ್ಲ. ನಾನೂ ನಗಲಿಲ್ಲ. ಎರಡು ರಾಟೆ ಯಾಕೆಂದು ನನಗೆ ಗೊತ್ತಿತ್ತು. ಈ ಜಗತ್ತಿನಲ್ಲಿ ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿರಲೇಬೇಕಿತ್ತು. ಆಗಸ್ಟಿನಲ್ಲಿ ಅದೇ ಬಾವಿಗೆ ಬಗ್ಗಿ ಮುಖ ನೋಡಿಕೊಂಡು ಬಂದವಳು ನಾನು. ನಾಚಿಕೆಯಾಯಿತು.

ವಾಪಸು ಬರುವಾಗ ಕಾರಿನಲ್ಲಿ ಗ್ರೆಗರಿಗೆ ನನ್ನ ತವರಿನ ನೆರೆಮನೆಯ ಪೊರ್ಬುಗಳ ಬಾವಿಯ ಕತೆ ಹೇಳಿದೆ. ಮದುವೆಯಾಗಿ ಹದಿನೆಂಟು ವರ್ಷ, ನನ್ನ ಚಿಕ್ಕಮ್ಮನ ಗಂಡನ ಸಕ್ಕರೆ ಕಾಯಿಲೆಯವರೆಗೆ ಎಲ್ಲ ಹೇಳಿದ್ದೇನೆ, ಇದೊಂದನ್ನು ಹೇಳಿರಲಿಲ್ಲ. ಬಡತನದ ಕೆಲವು ಸಂಗತಿಗಳನ್ನು ನಗಿಸುತ್ತಾ ಹೇಳಬಹುದು. ಕೆಲವನ್ನು ಆಗುವುದಿಲ್ಲ.

ನಮ್ಮ ಮನೆಗೆ ಬಾವಿ ಇತ್ತು, ಆದರೆ ಅದು ಫೆಬ್ರವರಿ ಮುಗಿಯುವಾಗ ಕೈಕೊಡುತ್ತಿತ್ತು. ಆಮೇಲೆ ಮಳೆ ಬರುವವರೆಗೆ ನೀರು ಮುಂದಿನ ಮನೆಯ ಜೋಕಿಂ ಪೊರ್ಬುಗಳ ಬಾವಿಯಿಂದ. ಅದಕ್ಕೂ ಎರಡು ರಾಟೆ ಇತ್ತು, ಒಂದು ಅವರ ಅಡುಗೆಮನೆಯ ಕಡೆಗೆ, ಇನ್ನೊಂದು ನಮ್ಮ ಮನೆಯ ಕಡೆಗೆ. ಎರಡನೆಯದನ್ನು ಹಾಕಿಸಿದ್ದೇ ಪೊರ್ಬುಗಳ ತಾಯಿ, ನಮ್ಮವರು ಅವರ ಅಂಗಳ ಸುತ್ತಿ ಬರಬೇಕಾಗಬಾರದು ಎಂದು. ಬೆಳಿಗ್ಗೆ ಅಮ್ಮ ಸೊಂಟದಲ್ಲೊಂದು ಕೊಡಪಾನ, ಕೈಯಲ್ಲೊಂದು ಬಾಲ್ದಿ ಹಿಡಿದು ಮುಂದೆ. ಒಂದು ಸಣ್ಣ ತಂಬಿಗೆ ಹಿಡಿದು ನಾನು ಹಿಂದೆ. ನಾನು ತಂದ ನೀರಿನಿಂದ ಒಂದು ಬೆಕ್ಕಿನ ಬಾಯಾರಿಕೆಯೂ ತೀರುತ್ತಿರಲಿಲ್ಲ, ಆದರೂ ನಾನೇ ಮನೆಗೆ ನೀರು ತರುವವಳು ಎಂದು ಶಾಲೆಯಲ್ಲಿ ಹೇಳಿಕೊಳ್ಳುತ್ತಿದ್ದೆ.

ಪುಕ್ಕಟೆ ಅಲ್ಲ, ಮತ್ತೆ. ಮೇ ತಿಂಗಳ ಕೊನೆಯಲ್ಲಿ ಬಾವಿಯ ನೀರು ತಳ ಮುಟ್ಟಿದಾಗ ಒಳಗಿಳಿದು ಕೆಸರೆತ್ತುವುದು ನಮ್ಮ ಅಪ್ಪನ ಕೆಲಸ. ಅಪ್ಪ ಕುಂಬಾರರ ಮಡಕೆಯ ಹಾಗೆ ಮೈಯೆಲ್ಲ ಮಣ್ಣಾಗಿ ಮೇಲೆ ಬಂದರೆ ಪೊರ್ಬು ತಮ್ಮ ಕೈಯಿಂದಲೇ ಬೆಲ್ಲ ನೀರು ಕೊಡುತ್ತಿದ್ದರು. ಒಂದು ಸಲ ಅಪ್ಪ, "ಪೊರ್ಬು, ಈ ನೀರಿನ ಮಾತು ಎಲ್ಲಾದರೂ ಒಂದು ಕಾಗದದಲ್ಲಿ ಹಾಕಿಟ್ಟರೆ ಆಗ್ತಿತ್ತು," ಎಂದದ್ದು ನನಗೆ ನೆನಪಿದೆ. ಪೊರ್ಬು ಗಟ್ಟಿಯಾಗಿ ನಕ್ಕಿದ್ದರು. "ನೀರು ಕೊಡ್ಲಿಕ್ಕೆ ಯಾರಾದರೂ ಬರೆದು ಕೊಡ್ತಾರಾ ಮಾರಾಯ? ನಾನು ಇಲ್ವಾ?"

ಅವರು ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಆದರೆ "ನಾನು ಇಲ್ವಾ" ಎಂದವರು ಇಲ್ಲವಾದರು. ಮಕ್ಕಳು ಜಾಗ ಮಾರಿದರು. ಕೊಂಡವರು ಗಲ್ಫಿನಲ್ಲಿದ್ದವರು, ಆಗಸ್ಟಿನಲ್ಲೇ ಬಂದು ನೋಡಿದ್ದರೋ ಏನೋ. ಬೇಸಿಗೆ ಶುರುವಾಗುವ ಮೊದಲೇ ಸುತ್ತ ಕಲ್ಲಿನ ಕಂಪೌಂಡು, ಮುಂದೆ ಕಬ್ಬಿಣದ ಗೇಟು, ಗೇಟಿನ ಎರಡು ಬದಿ ಎರಡು ಸಿಮೆಂಟಿನ ಸಿಂಹ.

(ಇಲ್ಲಿಗೆ ಬರುವಾಗ ಗ್ರೆಗರಿ ಸ್ಟೀರಿಂಗಿನ ಮೇಲೆ ಕೈ ಸರಿಮಾಡಿಕೊಂಡರು.)

ಮಾರ್ಚಿನ ಮೊದಲ ವಾರ ಅಮ್ಮ ಕೊಡಪಾನ ಹಿಡಿದು ಹೊರಟಳು, ಹಿಂದೆ ನಾನು. ನಮ್ಮ ದಾರಿ ಇದ್ದಲ್ಲಿ ಗೋಡೆ. ಸುತ್ತಿಕೊಂಡು ಗೇಟಿಗೆ ಹೋದೆವು. ಬೀಗ. ಅಮ್ಮ ಆ ಬೀಗವನ್ನು ಕೈಯಲ್ಲಿ ಹಿಡಿದು ಒಮ್ಮೆ ತೂಗಿ ನೋಡಿದಳು, ತೆರೆಯುತ್ತದೋ ಎಂದಲ್ಲ, ನಿಜವೋ ಎಂದು ನೋಡುವ ಹಾಗೆ. ಮತ್ತೆ ಮೆಲ್ಲಗೆ ಬಿಟ್ಟಳು. ಸದ್ದಾಗದ ಹಾಗೆ. ಆ ಬೇಸಿಗೆಯಿಂದ ನೀರಿಗೆ ಇಗರ್ಜಿಯ, ಅಂದರೆ ಚರ್ಚಿನ, ಬಾವಿ, ಹೋಗಲಿಕ್ಕೆ ಅರ್ಧ ಗಂಟೆ, ತುಂಬಿದ ಕೊಡ ಹೊತ್ತು ಬರಲಿಕ್ಕೆ ಮುಕ್ಕಾಲು ಗಂಟೆ. ಅಮ್ಮನ ಸೊಂಟ ನೋವು ಶುರುವಾದದ್ದು ಆಗ. ನಾನು ಆರನೇ ಕ್ಲಾಸಿನಲ್ಲಿದ್ದೆ. ಒಂದು ದಿನ ಯಾರೂ ಇಲ್ಲದಾಗ ಕಲ್ಲು ಬೀಸಿ ಎಡಗಡೆಯ ಸಿಂಹದ ಮೂಗು ಮುರಿದೆ. ಇವತ್ತಿನವರೆಗೆ ಪಾಪನಿವೇದನೆಯಲ್ಲಿ ಅದನ್ನು ಹೇಳಿಲ್ಲ, ಇನ್ನು ಹೇಳುವ ಅಂದಾಜೂ ಇಲ್ಲ.

"ಗಲ್ಫಿನವರು" ಎಂದು ಅಪ್ಪ ಹೇಳುತ್ತಿದ್ದ ರೀತಿ ನಿಮಗೆ ಕೇಳಿಸಬೇಕಿತ್ತು. ಬೈಗುಳ ಬೇರೆ ಬೇಕಿರಲಿಲ್ಲ.

ಏಪ್ರಿಲ್ ಬಂತು. ಶನಿವಾರ ಬೆಳಿಗ್ಗೆ ದಿನೇಶಣ್ಣನಿಗೆ ಫೋನ್ ಮಾಡಿ, ಈಗಲೇ ಜಾಗಕ್ಕೆ ಹೋಗಿ ವಿಡಿಯೋದಲ್ಲಿ ತೋರಿಸಿ ಎಂದೆ. "ಬಿಸಿಲು ಮೇಡಂ, ಈಗ ನೋಡ್ಲಿಕ್ಕೆ ಎಂಥ ಉಂಟು? ಎಲ್ಲಾ ಒಣಗಿದೆ," ಎಂದು ಗೊಣಗಿದರು, ಆದರೂ ಹೋದರು. ಹುಲ್ಲೆಲ್ಲ ಸತ್ತು ಜಾಗ ಬೋಳಾಗಿತ್ತು. ಹಿಂಬದಿಯ ಬೇಲಿಯ ಸಂದಿನಿಂದ ಬಾವಿಯವರೆಗೆ, ಕೈಯಿಂದ ಗೆರೆ ಎಳೆದ ಹಾಗೆ, ಒಂದು ಕಾಲುದಾರಿ. ಅಲ್ ಬರ್ಷಾದ ಮರಳಿನಲ್ಲಿ ಏಳು ವರ್ಷ ನಡೆದವಳಿಗೆ ಅದರ ಗುರುತು ಹಿಡಿಯಲು ಹೊತ್ತು ಬೇಕಾಗಲಿಲ್ಲ. ದಾರಿಯ ಕೊನೆಯಲ್ಲಿ, ಎರಡನೇ ರಾಟೆಯ ಬಳಿ, ನೀರು ಸೇದುತ್ತಾ ಒಬ್ಬ ಹೆಂಗಸು.

"ಅದು ಯಾರು?"

"ಅದು ಹಿಂದಿನ ಮನೆಯ ಗಿರಿಜಕ್ಕ ಮೇಡಂ. ನೀವು ಅದಕ್ಕೆಲ್ಲಾ ತಲೆಬಿಸಿ ಮಾಡ್ಬೇಡಿ. ಕಾಗದದಲ್ಲಿ ಎಂಥದ್ದೂ ಇಲ್ಲ. ಕಂಪೌಂಡ್ ಕಟ್ಟಿದರೆ ಅವರೇ ನಿಲ್ಲಿಸ್ತಾರೆ."

"ಫೋನ್ ಅವರ ಕೈಗೆ ಕೊಡಿ," ಎಂದೆ.

ಗಿರಿಜಕ್ಕ ಸೆರಗಿನಿಂದ ಕೈ ಒರೆಸಿಕೊಂಡು ಫೋನ್ ಹಿಡಿದರು. ಐವತ್ತೈದರ ಆಸುಪಾಸು, ಬೀಡಿ ಕಟ್ಟಿ ಕಟ್ಟಿ ಬೆರಳ ತುದಿ ಕಪ್ಪಾಗಿತ್ತು. ನಾವು ತುಳುವಿನಲ್ಲಿ ಮಾತಾಡಿದೆವು. ನಾನು ನಮಸ್ಕಾರ ಹೇಳುವ ಮೊದಲೇ ಅವರು ಶುರು ಮಾಡಿದರು. "ಬಾಯಮ್ಮ, ಬೇಸರ ಮಾಡ್ಬೇಡಿ. ನಾವು ಮಳೆ ಬರುವವರೆಗೆ ಮಾತ್ರ. ಮತ್ತೆ ಈ ಕಡೆ ತಲೆ ಹಾಕುದಿಲ್ಲ. ನೀವು ಕಟ್ಟುವಾಗ ಒಂದು ಮಾತು ಹೇಳಿ, ನಾವು ಬೇರೆ ವ್ಯವಸ್ಥೆ ಮಾಡ್ತೇವೆ." ಹೇಳುತ್ತಾ ಹೇಳುತ್ತಾ ಅವರ ಇನ್ನೊಂದು ಕೈ ಕೊಡಪಾನದ ಕುತ್ತಿಗೆಯಿಂದ ಹಗ್ಗದ ಗಂಟು ಬಿಚ್ಚುತ್ತಿತ್ತು. ಕೊಡ ಇನ್ನೂ ಅರ್ಧ ತುಂಬಿರಲಿಲ್ಲ.

"ಗಂಟು ಬಿಚ್ಚಬೇಡಿ ಗಿರಿಜಕ್ಕ," ಎಂದೆ. ಬೇರೇನೂ ತೋಚದೆ, "ಆ ಬಾವಿಯ ಕೆಸರು ಯಾರು ತೆಗೆಯುವುದು?" ಎಂದು ಕೇಳಿದೆ.

"ನಮ್ಮವರು ಇರುವಾಗ ಅವರು. ಈಗ ಮಗ. ಮುಂಬೈಯವರು ಹೋಗಿ ಎಷ್ಟು ವರ್ಷ ಆಯ್ತು, ಬಿಟ್ಟಿದ್ದರೆ ಬಾವಿ ಹಾಳಾಗ್ತಿತ್ತು ಬಾಯಮ್ಮ."

ನಾನು ಆಗಸ್ಟಿನಲ್ಲಿ ಮುಖ ನೋಡಿಕೊಂಡ ಕನ್ನಡಿ ಆ ಮನೆಯವರು ಉಜ್ಜಿಟ್ಟದ್ದು. ಆ ನೀರು ನೋಡಿಯೇ ನಾವು ಜಾಗಕ್ಕೆ ಹೂಂ ಎಂದದ್ದು.

ಮುಂದಿನ ವಾರವೇ ಊರಿನಲ್ಲಿರುವ ಮೈದುನನಿಗೆ ನಮ್ಮ ಪರವಾಗಿ ಸಹಿ ಹಾಕುವ ಅಧಿಕಾರಪತ್ರ ಮಾಡಿಸಿ ಕಳಿಸಬೇಕಿತ್ತು. ದಿನವೂ ಗೊತ್ತಾಗಿತ್ತು. ಊರಿನಿಂದ ಬಂದ ಕ್ರಯಪತ್ರದ ಕರಡಿನಲ್ಲಿ ಒಂದು ವಾಕ್ಯವಿತ್ತು: ಸದರಿ ಸ್ಥಿರಾಸ್ತಿಯಲ್ಲಿ ಅನ್ಯರಿಗೆ ದಾರಿಯ ಹಕ್ಕಾಗಲಿ, ನೀರಿನ ಹಕ್ಕಾಗಲಿ, ಬೇರೆ ಯಾವುದೇ ಋಣಭಾರವಾಗಲಿ ಇರುವುದಿಲ್ಲ. ಮಾರುವವರು ಹೇಳುವ ಮಾತು ಅದು, ನಿಜ. ಆದರೆ ಸುಳ್ಳೆಂದು ಗೊತ್ತಿದ್ದೂ ಕೈಚಾಚಿ ತೆಗೆದುಕೊಳ್ಳುವವಳು ನಾನು.

ಗ್ರೆಗರಿಯೊಂದಿಗೆ ಮೂರು ದಿನ ಜಗಳವಾಯಿತು. ಅವರದೂ ತಪ್ಪೆನ್ನಲಾರೆ. "ನೀರು ಕೊಡು, ಯಾರು ಬೇಡ ಅಂದರು? ನಾನೇನು ರಾಕ್ಷಸನಾ? ಆದರೆ ಬರೆಯುವುದು ಯಾಕೆ? ಬರೆದರೆ ನಾಳೆ ಮಾರುವಾಗ ಯಾರು ತೆಗೆದುಕೊಳ್ತಾರೆ? ನಾವು ಇದ್ದೇವಲ್ಲ, ನಾವು ಬಿಡ್ತೇವೆ."

"ಪೊರ್ಬುವೂ ಹೀಗೇ ಹೇಳಿದ್ದು," ಎಂದೆ.

ಹೋಮ್‌ವರ್ಕ್ ಮಾಡುತ್ತಿದ್ದ ಶೆರಿಲ್ ತಲೆ ಎತ್ತದೆ ಕೇಳಿದಳು. "ಬಟ್ ಮಮ್ಮಾ, ಆಫ್ಟರ್ ಯೂ ಟೂ, ಇಟ್ ಕಮ್ಸ್ ಟು ಮಿ, ರೈಟ್? ಹೌ ವುಡ್ ಐ ನೋ?"

ಇವಳು ಊರಿಗೆ ಬರುವುದು ಆಗಸ್ಟಿನಲ್ಲಿ ಮಾತ್ರ. ಗ್ರೆಗರಿ ಮಗಳನ್ನು ನೋಡಿದರು, ನನ್ನನ್ನು ನೋಡಿದರು, ಮೊಬೈಲ್ ಕೆಳಗಿಟ್ಟರು. "ಆಯ್ತು, ಬರೆಸು. ನಿನ್ನೊಟ್ಟಿಗೆ ವಾದ ಮಾಡಿ ಗೆದ್ದವರು ಇನ್ಶೂರೆನ್ಸ್ ಕಂಪನಿಯಲ್ಲೂ ಇಲ್ಲ," ಎಂದರು. ಆ ರಾಜಿಯಲ್ಲಿ ಸ್ವಲ್ಪ ಮುನಿಸೂ ಇತ್ತು, ಎರಡು ದಿನ ಚಹಾಕ್ಕೆ ಸಕ್ಕರೆ ಸಾಲದು ಎಂದು ಹೇಳುತ್ತಿದ್ದರು.

ದಿನೇಶಣ್ಣ, "ನೀವೇ ನಿಮ್ಮ ಕಾಲಿಗೆ ಕೊಡಲಿ ಹಾಕ್ತೀರಿ ಮೇಡಂ," ಎಂದರು. ಮುಂಬೈಯವರಿಗೆ ಬೇಗ ಮುಗಿದರೆ ಸಾಕಿತ್ತು, ಒಪ್ಪಿದರು. ನಂಜುಂಡಯ್ಯನವರು ಮಾತ್ರ ಮಫ್ಲರ್ ಬಿಗಿ ಮಾಡಿಕೊಂಡು, ಹತ್ತು ವರ್ಷ ಚಿಕ್ಕವರಾದ ಹಾಗೆ ಎದ್ದು ಕೂತರು. "ಕ್ರಯಪತ್ರದಲ್ಲಿ ಹಾಕಿ ನೋಂದಣಿ ಮಾಡಿಸೋಣ. ಪಹಣಿಯ ಕಾಲಮ್ಮಿಗೂ ಅರ್ಜಿ ಕೊಟ್ಟು ನೋಡೋಣ. ನಿಮ್ಮ ಮೈದುನನ ಪತ್ರದಲ್ಲೂ ಈ ಮಾತು ಬರಲಿ, ಇಲ್ದಿದ್ರೆ ಅಲ್ಲಿ ಯಾರಾದ್ರೂ ಹಾರಿಸಿಬಿಡ್ತಾರೆ. ಬರ್ಕೊಳಿ ತಾಯಿ. ಸದರಿ ಸ್ವತ್ತಿನಲ್ಲಿರುವ ಬಾವಿಯಿಂದ, ಹಿಂಬದಿಯ ಮೂರಡಿ ಅಗಲದ ದಾರಿಯ ಮೂಲಕ, ನೀರು ಸೇದಿಕೊಂಡು ಹೋಗುವ ಹಕ್ಕು... ಯಾರಿಗೆ? ಆ ಯಮ್ಮನ ಪೂರ್ತಿ ಹೆಸರೇನು?"

ಅಲ್ಲಿಂದಲೇ ಗಿರಿಜಕ್ಕನ ಮಗನ ಮೊಬೈಲಿಗೆ ಫೋನ್ ಮಾಡಿದೆ. ಅವನು ತಾಯಿಯ ಕೈಗೆ ಕೊಟ್ಟ, ವಿಷಯ ಹೇಳಿದೆ. ಲೈನ್ ಕಟ್ಟಾಯಿತೆಂದು ನಾನು ಹಲೋ ಹಲೋ ಎಂದೆ.

"ಇದ್ದೇನೆ ಬಾಯಮ್ಮ," ಎಂದರು ಗಿರಿಜಕ್ಕ. "ನನ್ನ ಹೆಸರು ಬೇಡ."

"ಯಾಕೆ?"

"ನನ್ನ ಹೆಸರು ಹಾಕಿದರೆ ನಾನು ಸತ್ತ ಮೇಲೆ ಸೊಸೆ ಯಾವ ಬಾವಿಗೆ ಹೋಗುದು? ಮನೆ ನಂಬ್ರ ಹಾಕಿ. ಮನೆಯಲ್ಲಿ ಯಾರಿದ್ದರೂ ಅವರಿಗೆ." ಅಷ್ಟಕ್ಕೇ ಬಿಡದೆ, "ಮತ್ತೆ ನಮ್ಮದೂ ಒಂದು ಹಾಕಿ. ಮೇ ತಿಂಗಳಲ್ಲಿ ಕೆಸರು ತೆಗೆಯುದು ನಮ್ಮ ಮನೆಯ ಲೆಕ್ಕ. ಅದು ಬರೆಯದೆ ಬರೇ ನೀರು ಬರೆದರೆ ನಾವು ಭಿಕ್ಷೆ ಬೇಡಿದ ಹಾಗೆ ಆಗ್ತದೆ," ಎಂದರು.

ಸ್ಪೀಕರಿನಲ್ಲಿ ಕೇಳಿಸಿಕೊಳ್ಳುತ್ತಿದ್ದ ನಂಜುಂಡಯ್ಯನವರಿಗೆ ಅವರ ತುಳು ಅರ್ಥವಾಗಿರಲಿಲ್ಲ. ನಾನು ಕನ್ನಡದಲ್ಲಿ ಹೇಳಿದೆ. ಅವರು ಭೂತಗನ್ನಡಿ ಕೆಳಗಿಟ್ಟು, "ಮೂವತ್ನಾಲ್ಕು ವರ್ಷ ತಾಲೂಕು ಕಚೇರೀಲಿ ಕೆಲಸ ಮಾಡಿದೀನಿ. ಹಕ್ಕು ಕೇಳೋಕೆ ಬಂದೋರ್ನ ಬೇಕಾದಷ್ಟು ನೋಡಿದೀನಿ, ಕೆಸರು ಬರ್ಕೊಳಿ ಅಂದೋರು ಇವರೇ ಮೊದಲು," ಎಂದರು. ಎರಡೂ ಸಾಲು ತಮ್ಮ ಕೈಯಿಂದಲೇ ಬರೆದುಕೊಟ್ಟರು.

ಮೇ ತಿಂಗಳಲ್ಲಿ ನೋಂದಣಿಯಾಯಿತು. ಕಂಪೌಂಡಿನ ಕೆಲಸವೂ ಶುರುವಾಗಿದೆ, ಹಿಂಬದಿಯಲ್ಲಿ ಮೂರಡಿ ಬಿಟ್ಟು. ಸಿಂಹಗಳ ಬಗ್ಗೆ ನಾನೇನೂ ಹೇಳಲಿಲ್ಲ. ಗ್ರೆಗರಿಯೇ ಒಂದು ದಿನ, ಸುಮ್ಮನೆ ಎರಡು ಹೂಕುಂಡ ಇಟ್ಟರೆ ಸಾಕಲ್ವಾ, ಸಿಂಹದ ಮೂಗು ಎಷ್ಟು ದಿನ ಬಾಳಿಕೆ ಬರ್ತದೆ ಎಂದು ಹೇಳಲಿಕ್ಕಾಗುದಿಲ್ಲ ಎಂದರು. ಇತ್ತ ಅಲ್ ಬರ್ಷಾದ ತಗಡಿನ ಬೇಲಿಯ ಮೇಲೆ ದೊಡ್ಡ ಬಿಲ್ಡಿಂಗಿನ ಚಿತ್ರ ಬಂದಿದೆ. ನಾವೆಲ್ಲ ಸುತ್ತಿಕೊಂಡು ನಡೆಯುತ್ತೇವೆ. ಮೊನ್ನೆ ವಾಚ್‌ಮನ್ ನನ್ನನ್ನು ಕರೆದು ತನ್ನ ಕೂಲರಿನಿಂದ ಒಂದು ಲೋಟ ತಣ್ಣನೆಯ ನೀರು ಕೊಟ್ಟ. ಕುಡಿದೆ.

ಅಮ್ಮನಿಗೆ ಮಾತ್ರ ಏನೂ ಹೇಳಿರಲಿಲ್ಲ. ಅವಳೀಗ ತಮ್ಮನ ಜೊತೆ ಮಂಗಳೂರಿನ ಫ್ಲಾಟಿನಲ್ಲಿದ್ದಾಳೆ. ದಿನವಿಡೀ ನಲ್ಲಿಯಲ್ಲಿ ನೀರು ಬಂದರೂ ಎರಡು ಬಾಲ್ದಿ ತುಂಬಿಸಿಡದೆ ಮಲಗುವವಳಲ್ಲ. ಕಳೆದ ಭಾನುವಾರ ಪೂಜೆ ಮುಗಿಸಿ ಬಂದು ಫೋನ್ ಮಾಡಿ ಎಲ್ಲ ಹೇಳಿದೆ: ಎರಡು ರಾಟೆ, ಗಿರಿಜಕ್ಕ, ಮನೆ ನಂಬರು, ಕೆಸರು. ಅವಳು ಹೂಂ, ಹೂಂ ಎಂದು ಕೇಳಿದಳು. ಪೊರ್ಬುಗಳ ಹೆಸರು ನಾನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

"ಹಿಂದಿನ ದಾರಿಗೆ ಗೇಟು ಉಂಟಾ?" ಎಂದು ಕೇಳಿದಳು.

"ಇಲ್ಲಮ್ಮ."

"ಬೀಗ?"

"ಗೇಟೇ ಇಲ್ಲ ಅಂದ ಮೇಲೆ ಬೀಗ ಎಲ್ಲಿಂದ?"

ಆ ಕಡೆ ಬಾಲ್ದಿಗೆ ನೀರು ಬೀಳುವ ಸದ್ದು ಕೇಳುತ್ತಿತ್ತು. ಅಮ್ಮ ನಲ್ಲಿ ನಿಲ್ಲಿಸಿದಳು.

"ಸೆವ್ರಿನ್, ಆ ದಾರಿ ಮಧ್ಯೆ ಸೊಂಟದ ಎತ್ತರಕ್ಕೆ ಒಂದು ಕಲ್ಲು ಹಾಕಿಸು," ಎಂದಳು. "ಕೊಡ ಇಟ್ಟು ಸ್ವಲ್ಪ ನಿಲ್ಲಲಿಕ್ಕೆ ಆಗ್ತದೆ."